ಭಾವನ ಕಡೆಯ ಓವರ್

“ನಿಮ್ಮ ತಮ್ಮನ ತಲೆಗೆ ಇನ್ನು ಯಾವತ್ತೂ ಬೌನ್ಸರ್ ಹಾಕಲ್ಲ ಕಣ್ರೀ,” ಎಂದು ಇವರು ನನಗೆ ಮಾತು ಕೊಟ್ಟು ಹದಿನಾಲ್ಕು ವರ್ಷವಾಯಿತು. ಆಗಿನ್ನೂ ನಮಗೆ ಮದುವೆಯಾಗಿರಲಿಲ್ಲ. ತಮ್ಮನ ಮುಂಬಲ್ಲು ಮುರಿದು, ಕ್ಷಮೆ ಕೇಳಲು ಮನೆಗೆ ಬಂದಿದ್ದರು. ಬಾಗಿಲು ತೆಗೆದವಳು ನಾನು. ನನ್ನ ತಮ್ಮ, ಬಾಯಿಗೆ ಬಟ್ಟೆ ಒತ್ತಿಕೊಂಡು, ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಹಲ್ಲು ಹೋಗಿ ಭಾವ ಬಂದ ಎಂದು ಇಂದಿಗೂ ಆಡಿಕೊಳ್ಳುತ್ತಾನೆ.

ಹಗಲು ಟೈರ್ ಅಂಗಡಿ, ಸಂಜೆ ಮೈದಾನ. ಜನ ಇವರಿಗೆ ಇಟ್ಟ ಹೆಸರು ಕೆಂಡ. ಇವರು ಓಡಿಬಂದರೆ ವಿಕೆಟ್ ಕೀಪರ್ ಕೇಳದೆಯೇ ನಾಲ್ಕು ಹೆಜ್ಜೆ ಹಿಂದೆ ಹೋಗುತ್ತಿದ್ದ. ಭುಜ ಎರಡು ಸಲ ಜಾರಿತು. ಮಂಡಿಗೆ ನಾನು ಐಸ್ ಕಟ್ಟಿದ್ದಕ್ಕೆ ಲೆಕ್ಕವಿಲ್ಲ. ಲೀಗ್ ಕಪ್ ಒಂದು ಮಾತ್ರ ಕೈಗೆ ಸಿಕ್ಕಿರಲಿಲ್ಲ. ಅದರ ಫೈನಲ್ಲೇ ಇವರ ಕಡೆಯ ಪಂದ್ಯ.

ಕೊನೆಯ ಓವರ್. ಎದುರಾಳಿಗಳಿಗೆ ಹತ್ತು ರನ್ ಬೇಕು, ನಮಗೆ ಒಂದೇ ವಿಕೆಟ್. ಚೆಂಡು ಇವರ ಕೈಯಲ್ಲಿ, ಬ್ಯಾಟು ನನ್ನ ತಮ್ಮನ ಕೈಯಲ್ಲಿ!

ಬೌನ್ಸರ್ ಬಾರದೆಂದು ಗೊತ್ತಿದ್ದವನಿಗೆ ಭಯವೆಲ್ಲಿಯದು? ಧೈರ್ಯವಾಗಿ ಮುಂದೆ ಕಾಲಿಟ್ಟು ಬೀಸಿದ. ನಾಲ್ಕು. ಮತ್ತೆ ಅದೇ ಕಾಲು, ಅದೇ ನಾಲ್ಕು. ಇನ್ನು ಎರಡೇ ರನ್.

“ಮಂಡಿ ನೋವಾ ಭಾವ? ನಿಧಾನಕ್ಕೆ ಬನ್ನಿ, ನಾನೇನು ಓಡಿಹೋಗಲ್ಲ!”

ಕ್ಯಾಪ್ಟನ್ ಕೂಗಿದ, “ತಲೆಗೆ ಹಾಕೋ! ಭಾಮೈದನಿಗೆ ಉಡುಗೊರೆ ಕೊಡ್ತಿದ್ದೀಯಾ?”

ಇವರು ತಲೆಯಲ್ಲಾಡಿಸಿ ನನ್ನತ್ತ ನೋಡಿದರು. ನನಗೆ ತಡೆಯಲಾಗಲಿಲ್ಲ. ತೊಡೆಯ ಮೇಲಿದ್ದ ಮಗಳನ್ನು ಇಳಿಸಿ ಬೆಂಚು ಹತ್ತಿದೆ.

“ರೀ! ನಿಮ್ಮ ಮಾತು ನಿಮಗೇ ವಾಪಸ್ ಕೊಟ್ಟೆ! ಹಾಕ್ರೀ ಅವನ ಮೂತಿಗೆ!”

“ಅಕ್ಕಾ! ನೀನು ನಮ್ಮಮ್ಮನ ಮಗಳೇನೇ?”

“ಹೌದು ಕಣೋ, ಉಳಿದ ಹಲ್ಲು ಜೋಪಾನ!”

ತಮ್ಮನ ನಗು ಇಂಗಿತು. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡ. ಇವರು ಓಡಿದರು. ಅಬ್ಬಾ, ಆ ಓಟ! ಕುಂಟು ಎಲ್ಲಿ ಹೋಯಿತೋ, ವಯಸ್ಸು ಎಲ್ಲಿ ಹೋಯಿತೋ! ಕೈ ತಿರುಗುವ ಮೊದಲೇ ತಮ್ಮ ಹಿಂದಕ್ಕೆ ಸರಿದು ಬ್ಯಾಟನ್ನು ಎದೆಯ ಮಟ್ಟಕ್ಕೆ ಎತ್ತಿಬಿಟ್ಟಿದ್ದ.

ಚೆಂಡು ಬಂದದ್ದು ಕಾಲ್ಬೆರಳಿಗೆ. ನಡುವಿನ ಸ್ಟಂಪ್ ಎರಡು ಲಾಗ ಹಾಕಿತು.

ಮಗಳನ್ನು ಎತ್ತಿಕೊಂಡು ಓಡಿದೆ. “ನಾನೇ ಹೇಳಿದ್ನಲ್ಲ, ಯಾಕ್ರೀ ತಲೆಗೆ ಹಾಕ್ಲಿಲ್ಲ?”

“ನೀನು ಮಾತು ವಾಪಸ್ ಕೊಟ್ಟೆ ಕಣೇ. ನಾನು ತಗೊಳ್ಳಲಿಲ್ಲ.”

ತಮ್ಮನ ತಲೆಗೆ ಇವರು ಮತ್ತೊಂದು ಬೌನ್ಸರ್ ಹಾಕಲೇ ಇಲ್ಲ. ಕೊಟ್ಟ ಮಾತು ಉಳಿಯಿತು.