ಪಿನ್ನಾಕ್ ಬೇಕರಿಯ ಚೀಟಿ

ಮೇ ಪೆನ್ ಪೇಟೆಯಲ್ಲಿ ಬ್ಯಾಂಕ್ರಾಫ್ಟ್ ಪಿನ್ನಾಕ್ ಒಳ್ಳೆಯ ಮನುಷ್ಯ ಎಂದು ಹೆಸರಾದವನು. ತೊಂದರೆಯಾದದ್ದೇ ಅದರಿಂದ. ಕಳ್ಳನಾಗಿದ್ದರೆ ಮರ್ಲೀನ್‌ಗೆ ಅವನನ್ನು ಮನಸಾರೆ ಬೈಯುವ ನೆಮ್ಮದಿಯಾದರೂ ಸಿಗುತ್ತಿತ್ತು.

ಮರ್ಲೀನ್ ಅವನ ಬೇಕರಿಯಲ್ಲಿ ಸಂಬಳದ ಲೆಕ್ಕ ನೋಡುವವಳು. ಶುಕ್ರವಾರ ಬಂತೆಂದರೆ ಒಬ್ಬೊಬ್ಬರ ಸಂಬಳದಲ್ಲೂ ತೆರಿಗೆ, ಸರ್ಕಾರಿ ವಿಮೆಯ ಕಂತು ಮುರಿದುಕೊಂಡು, ಉಳಿದದ್ದನ್ನು ಲಕೋಟೆಗೆ ಹಾಕಿ ಕೊಡುತ್ತಿದ್ದಳು. ಮುರಿದ ಹಣವನ್ನು ತಿಂಗಳಿಗೊಮ್ಮೆ ಕಚೇರಿಗೆ ಕಟ್ಟುವುದು ಯಜಮಾನನ ಕೆಲಸ. ಅವನು ಹ್ಯಾಟು ಹಾಕಿಕೊಂಡು, ಹಣವನ್ನು ಜೇಬಿಗಿಳಿಸಿ ಹೊರಡುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಎಲ್ಲಿಗೆ ಎಂದು ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಬಂದದ್ದು ಮಾಸ್ ಯುರಾಯನ ಕಣ್ಣು ಹೋದಾಗ. ಯುರಾಯ ಒಲೆಯ ಮುಂದೆ ನಿಲ್ಲುತ್ತಿದ್ದ, ಊರವರು ಗೌರವದಿಂದ ಮಾಸ್ ಎಂದು ಕರೆಯುತ್ತಿದ್ದ ಮುದುಕ. ಊರೆಲ್ಲ ತಿನ್ನುವ ಗಟ್ಟಿ ಬ್ರೆಡ್ಡು, ಈಸ್ಟರ್‌ನ ಬನ್ನು, ಎಲ್ಲ ಅವನ ಕೈಯದು. ಸಕ್ಕರೆ ಕಾಯಿಲೆ ಮೊದಲು ಒಂದು ಕಣ್ಣನ್ನು ತಿಂದು, ಆಮೇಲೆ ಇನ್ನೊಂದಕ್ಕೂ ಬಾಯಿ ಹಾಕಿತು. ಬೇಕರಿಗೆ ಬರುವ ಮುಂಚೆ ಅವನು ಕಬ್ಬು ಕಡಿಯುತ್ತ ಯಾರ ಲೆಕ್ಕಕ್ಕೂ ಸಿಗದೆ ಬದುಕಿದವನು. ಹಾಗಾಗಿ ವಿಮೆಗೆ ಅವನ ಹೆಸರಲ್ಲಿ ಕಂತು ಬಂದಿದ್ದರೆ ಅದು ಇಲ್ಲಿಂದಲೇ ಬಂದಿರಬೇಕು. ದುಡಿಯಲಾರದವರಿಗೆ ಕೊಡುವ ಪಿಂಚಣಿ ಸಿಕ್ಕರೆ ಅವನಿಗೆ ಔಷಧಿ ಉಂಟು, ಊಟ ಉಂಟು. ಸಿಗದಿದ್ದರೆ, ಅದೇ ಬೇಕರಿಯಲ್ಲಿ ಬ್ರೆಡ್ ಕಟ್ಟುವ ಮಗಳು ಶರ್ನೆಟ್‌ಳ ಸಂಬಳದಲ್ಲಿ ಅವಳೂ ಅವಳ ಮಕ್ಕಳೂ ಇವನೂ ಬದುಕಬೇಕು.

ಮರ್ಲೀನ್ ಅವನ ಕೈ ಹಿಡಿದು ವಿಮೆ ಕಚೇರಿಗೆ ಕರೆದೊಯ್ದಳು. ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿ, ಮೊದಲ ವರ್ಷದ ಕಂತು ಮಾತ್ರ ಬಂದಿದೆ, ಆಮೇಲಿನದು ಒಂದೂ ಇಲ್ಲ ಎಂದಳು. ಮರ್ಲೀನ್ ಜಗಳಕ್ಕೇ ನಿಂತಳು. ತಾನೇ ಮುರಿದ ಹಣ, ತನಗೆ ಗೊತ್ತಿಲ್ಲವೇ ಎಂದು ದನಿಯೆತ್ತಿದಳು. ಮುರಿದಿರಬಹುದು, ಕಟ್ಟಿಲ್ಲವಲ್ಲ ಎಂದು ಆ ಹೆಂಗಸು ಮುಂದಿನವರನ್ನು ಕರೆದಳು.

ಪಿನ್ನಾಕ್ ಏನನ್ನೂ ಮುಚ್ಚಿಡಲಿಲ್ಲ. ಹಿಟ್ಟಿನ ಚೀಲದ ಮೇಲೆ ಕುಸಿದು ಕೂತು ಎಲ್ಲ ಹೇಳಿದ.

"ಸರ್ಕಾರದ ದುಡ್ಡು ಕೈಯಲ್ಲಿದ್ರೆ ಕರಗಿಹೋಗುತ್ತೆ ಮರ್ಲೀನ್. ಹಿಟ್ಟಿನವನು ಬಾಗಿಲಲ್ಲೇ ನಿಂತಿರ್ತಾನೆ. ಅದಕ್ಕೇ ಸಿಸ್ಟರ್ ಐಸಿಲ್ಡಾ ಹತ್ರ ಚೀಟಿ ಹಾಕ್ದೆ. ನನ್ನ ಕೈಯಿಂದ್ಲೇ ಕಾಪಾಡೋಣ ಅಂತ."

ಚರ್ಚಿನವರೆಲ್ಲ ಸಿಸ್ಟರ್ ಎಂದು ಕರೆಯುತ್ತಿದ್ದ ಸಂಸಾರಸ್ಥೆ ಐಸಿಲ್ಡಾ ನಡೆಸುತ್ತಿದ್ದ, ಊರವರು ಪಾರ್ಟ್‌ನರ್ ಎನ್ನುವ ಚೀಟಿಯಲ್ಲಿ ಅರ್ಧ ಊರಿತ್ತು. ಮೊದಲ ವರ್ಷ ಪಿನ್ನಾಕ್ ತನ್ನ ಸರದಿಗೆ ಚೀಟಿ ಎತ್ತಿ, ವರ್ಷದ ಬಾಕಿಯನ್ನೆಲ್ಲ ಒಂದೇ ಗಂಟಲ್ಲಿ ಕಟ್ಟಿ ಬೀಗಿದ್ದ. ಎರಡನೇ ವರ್ಷ ಚಂಡಮಾರುತ ಬೇಕರಿಯ ತಗಡು ಹಾರಿಸಿತು. ಎತ್ತಿದ್ದೆಲ್ಲ ಸೂರಿಗೆ ಹೋಯಿತು. ಹಳೆಯದು ಹೊಸದು ಎಲ್ಲ ಒಟ್ಟಿಗೆ ತೀರಿಸುವ ಹುಮ್ಮಸ್ಸಿನಲ್ಲಿ ದೊಡ್ಡ ಚೀಟಿ ಹಾಕಿ, ಸರದಿಯನ್ನು ಕೊನೆಗೆ ಇರಿಸಿಕೊಂಡ. ಸಿಸ್ಟರ್ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡವಳು. ದೇವರ ಮನೆಯಲ್ಲಿ ಹಾಡುವ ಹೆಂಗಸನ್ನು ಯಾರು ರಸೀದಿ ಕೇಳುತ್ತಾರೆ? ಪಿನ್ನಾಕ್‌ನ ಸರದಿ ಬರುವ ಮುಂಚೆಯೇ ಒಂದು ಭಾನುವಾರ ಹಾಡುತ್ತಿದ್ದವಳು ಹಾಗೇ ಕುಸಿದು ಸತ್ತಳು. ಅವಳನ್ನು ಮಣ್ಣು ಮಾಡಿದಾಗ ಊರಿನ ಲೆಕ್ಕವೂ ಮಣ್ಣಾಯಿತು. ಅವಳ ಮಕ್ಕಳಿಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ.

ಮರ್ಲೀನ್ ಯುರಾಯನನ್ನು ಕರೆದುಕೊಂಡು ಮತ್ತೆ ಕಚೇರಿಗೆ ಹೋದಳು. ಈ ಸಲ ಸಿಕ್ಕ ಅಧಿಕಾರಿ ಕುರ್ಚಿ ಕೊಟ್ಟು ಕೂರಿಸಿದ. ಕಾನೂನು ನಿಮ್ಮ ಕಡೆ ಇದೆ, ಯಜಮಾನನ ಮೇಲೆ ದೂರು ಕೊಡಿ ಎಂದ. ತನಿಖೆ, ಕೋರ್ಟು ಎಂದು ವರ್ಷಗಟ್ಟಲೆ ಎಳೆಯಬಹುದು. ಅಲ್ಲಿಯ ತನಕ ಬಾಕಿಗಾಗಿ ಬೇಕರಿಗೆ ಬೀಗ ಬೀಳಬಹುದು ಎಂದೂ ಸೇರಿಸಿದ.

ಹೊರಗೆ ಬಸ್ಸಿಗೆ ಕಾಯುವಾಗ ಯುರಾಯ ಬಾಯಿಬಿಟ್ಟ.

"ಬೀಗ ಹಾಕಿದ್ರೆ ಶರ್ನೆಟ್ ಎಲ್ಲಿಗೆ ಹೋಗ್ತಾಳೆ?"

"ಅದು ನಿಮ್ಮ ದುಡ್ಡು, ಮಾಸ್ ಯುರಾಯ. ಬೆಂಕಿ ಮುಂದೆ ನಿಂತು ದುಡಿದದ್ದು."

"ನನ್ನದೇ. ಅದಕ್ಕೋಸ್ಕರ ಮಗಳ ಹೊಟ್ಟೆ ಮೇಲೆ ಹೊಡೀಲಾ? ಪಿನ್ನಾಕ್ ಪೆದ್ದ ಕಣಮ್ಮ. ಪೆದ್ದರಿಗೆ ಅಂತ ಬೇರೆ ಜೈಲಿದ್ದಿದ್ರೆ ಮೊದಲ ದೂರು ನಂದೇ."

ಅವನು ನಕ್ಕ. ಮರ್ಲೀನ್‌ಗೆ ನಗು ಬರಲಿಲ್ಲ. ಅಳು ಬಂತು, ಅವನಿಗೆ ಕಾಣುವುದಿಲ್ಲವಲ್ಲ ಎಂದು ಅತ್ತುಬಿಟ್ಟಳು.

ಆ ವಾರವೇ ಪಿನ್ನಾಕ್ ಕೆಲಸಗಾರರನ್ನೆಲ್ಲ ಸೇರಿಸಿ ಕೈಮುಗಿದು ತಪ್ಪೊಪ್ಪಿಕೊಂಡ. ಎಲ್ಲರೂ ಕ್ಷಮಿಸಿದರು. ಕ್ಷಮಿಸುವುದರಲ್ಲಿ ಆ ಜನರಷ್ಟು ಧಾರಾಳಿಗಳು ಎಲ್ಲೂ ಸಿಗಲಿಕ್ಕಿಲ್ಲ. ಆಮೇಲೆ ಅವನು ಒಂದು ದಾರಿ ಹೇಳಿದ: ಬೇಕರಿಯವರೇ ಸೇರಿ ಒಂದು ಚೀಟಿ ಹಾಕೋಣ, ತಾನು ಎರಡು ಪಾಲು ಹಾಕುತ್ತೇನೆ, ಬಂದ ಹಣದಲ್ಲಿ ಸರದಿಯಂತೆ ಒಬ್ಬೊಬ್ಬರ ಹಳೆಯ ಕಂತು ಕಟ್ಟೋಣ. ಯುರಾಯನದು ಮೊದಲು. ಎಲ್ಲರ ಮುಖವೂ ಅರಳಿತು.

"ಒಂದೇ ಕಂತನ್ನ ಎರಡು ಸಲ ಕಟ್ತಿದ್ದೀರಿ," ಎಂದಳು ಮರ್ಲೀನ್. "ಹಳೆ ಬಾಕಿ ಮೇಲೆ ದಂಡ ಬೆಳೆಯೋ ವೇಗಕ್ಕೆ ಈ ಚೀಟಿ ಸಾಲಲ್ಲ. ಮಾಸ್ ಯುರಾಯ ಇರೋವಷ್ಟರಲ್ಲಿ ಅವರದ್ದೂ ಮುಗಿಯಲ್ಲ."

ಸಾವಿನ ಮನೆಯಲ್ಲಿ ಕೆಟ್ಟ ಮಾತಾಡಿದವಳನ್ನು ನೋಡುವಂತೆ ಅವಳನ್ನು ನೋಡಿದರು. ಬೇರೆ ದಾರಿಯಿದ್ದರೆ ಹೇಳಿ ಎಂದು ಯಾರೋ ಮೆಲ್ಲಗೆ ಕೇಳಿದರು.

ಶುಕ್ರವಾರ ಅವಳು ತೆರಿಗೆ ಮುರಿದಳು, ವಿಮೆ ಮುರಿದಳು, ಚೀಟಿಯ ಪಾಲನ್ನೂ ಮುರಿದಳು. ಕೆಲಸ ಬಿಟ್ಟ ಯುರಾಯನಿಗೆ ಲಕೋಟೆ ಇಲ್ಲವಾದ್ದರಿಂದ ಅವನ ಪಾಲನ್ನು ಯಾರಿಗೂ ಹೇಳದೆ ತಾನೇ ಹಾಕುವುದೆಂದುಕೊಂಡಿದ್ದಳು. ಶರ್ನೆಟ್ ಕಿಟಕಿಗೆ ಬಂದು, ಲಕೋಟೆಯನ್ನು ಬೆರಳಲ್ಲಿ ಒತ್ತಿ ನೋಡಿ, ಹಾಗೇ ನಿಂತಳು.

"ಅಪ್ಪಂದು ಹಿಡಿದ್ರಾ, ಮಿಸ್ ಮರ್ಲೀನ್?"

"ಇಲ್ಲ. ಅದನ್ನ ನಾನು ನೋಡ್ಕೋತೀನಿ, ನೀನು ಹೋಗು."

"ಬೇಡ, ಹಿಡೀರಿ. ಹೇಳಿ ಕಳಿಸಿದಾರೆ. ಇಷ್ಟು ವರ್ಷ ತಪ್ಪದೆ ಕಟ್ಟಿದೀನಿ, ಈಗ ತಪ್ಪಬಾರದು ಅಂತಾರೆ."

ಮರ್ಲೀನ್ ಲಕೋಟೆಯನ್ನು ವಾಪಸು ತೆಗೆದುಕೊಂಡು, ಅಂಟು ಬಿಡಿಸಿ, ಯುರಾಯನ ಪಾಲನ್ನೂ ಮುರಿದುಕೊಂಡಳು.