ಕುತ್ತಿಗೆಗೆ ಕೈ ಹಾಕುವ ಅಕ್ಕ

ನಮ್ಮಕ್ಕನಿಗೆ ಮರೆವಿನ ಕಾಯಿಲೆ. ಹೆತ್ತ ಮಕ್ಕಳ ಗುರುತೂ ಸಿಗುವುದಿಲ್ಲ. ಅವಳಿರುವ ಆರೈಕೆ ಮನೆಯವರು ಮೊನ್ನೆ ನಮ್ಮನ್ನೆಲ್ಲ ಕರೆಸಿದರು. ಸಿಕ್ಕಸಿಕ್ಕವರ ಕುತ್ತಿಗೆಗೆ ಕೈ ಹಾಕುತ್ತಾಳಂತೆ. ಮೇಲಿನ ಮಹಡಿಯ ಬೀಗದ ಕೋಣೆಗೆ ಕಳಿಸಬೇಕೋ ಬೇಡವೋ, ನಾವೇ ಹೇಳಬೇಕಂತೆ. ಮೇಲೆ ಹೋದವರು ಮತ್ತೆ ಅಂಗಳದ ಬಿಸಿಲು ಕಾಣುವುದು ಅಷ್ಟಕ್ಕಷ್ಟೇ.

ಅಕ್ಕನ ಮಗ, ಮಗಳು ಗಾಳಿಗೆ ಹಾರಿಬಂದಂತೆ ಬಂದರು. ನನ್ನ ಯಜಮಾನರು ತೀರಿಕೊಂಡಾಗಲೂ ಇಷ್ಟು ಬೇಗ ಬಂದಿರಲಿಲ್ಲ. ಮೇಜಿನ ಆಚೆ ಮೇಲ್ವಿಚಾರಕಿ, ಈಚೆ ನಾವು, ಪಕ್ಕದಲ್ಲಿ ಅಕ್ಕ. ಅವಳಿಗೇನು ಬೇಕೆಂದು ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

"ಅಮ್ಮಂಗೆ ಗಲಾಟೆ ಆಗಲ್ಲ. ಮೇಲೆ ನಿಶ್ಶಬ್ದ ಇರುತ್ತೆ" ಅಂದ ಮಗ.

"ನಿಂಗೇನ್ ಗೊತ್ತಣ್ಣ? ಅಮ್ಮಂಗೆ ಜನ ಬೇಕು" ಅಂದಳು ಮಗಳು.

"ಹಾಗಾದ್ರೆ ನಿಮ್ಮನೆಗೇ ಕರ್ಕೊಂಡು ಹೋಗು."

ಮಗಳಿಗೆ ತಕ್ಷಣ ನಿಶ್ಶಬ್ದದ ಮೇಲೆ ಪ್ರೀತಿ ಹುಟ್ಟಿತು.

ನಾನು ಬಾಯಿ ಹಾಕಿದೆ. "ಅಲ್ರಪ್ಪಾ, ನಿಮ್ಮಮ್ಮ ಬಟ್ಟೆ ಹೊಲಿದೇ ನಿಮ್ಮನ್ನ ಸಾಕಿದ್ದು. ಅವಳು ಕಾಲರ್ ಅಳತೆ ತಗೊಳ್ದೇ ಇರೋ ಕುತ್ತಿಗೆ ಊರಲ್ಲಿದ್ರೆ ಅದು ಕೋಳೀದು!"

"ಚಿಕ್ಕಮ್ಮ, ನೀವು ಸುಮ್ನಿರಿ. ಇದು ಕಾಯಿಲೆ ವಿಷಯ" ಅಂದ ಮಗ.

ಅಷ್ಟರಲ್ಲಿ ಅಕ್ಕ ಎದ್ದು ಮಗನ ಹಿಂದೆ ಹೋಗಿ ನಿಂತಳು. "ಸಾರ್, ಹುಷಾರು!" ಎಂದು ಮೇಲ್ವಿಚಾರಕಿ ಕಿರುಚಿದ ರಭಸಕ್ಕೆ ಮೂರು ಬೀದಿಯ ನಾಯಿಗಳು ಎದ್ದಿರಬೇಕು. ಅಕ್ಕನ ಬೆರಳು ಅವನ ಕುತ್ತಿಗೆಗೆ ತಾಗಿತು.

"ನೋಡಿದ್ರಾ? ಇದಕ್ಕೇ ಹೇಳಿದ್ದು, ಬೀಗ ಹಾಕಿ ಅಂತ..." ಎನ್ನುತ್ತಲೇ ಆ ಮಹಾಶಯ ಎದ್ದು ನಿಂತ. ಗಲ್ಲ ಮೇಲೆತ್ತಿದ. ಎರಡೂ ತೋಳು ಅಗಲಿಸಿದ. ಬಾಯಿ ಬೀಗ ಅನ್ನುತ್ತಿದೆ, ಮೈ ಚಿಕ್ಕಂದಿನ ಹಾಗೆ ಅಂಗಿಗೆ ಅಳತೆ ಕೊಡುತ್ತಿದೆ! ಗುಡಾಣದಂಥ ಹೊಟ್ಟೆಯನ್ನೂ ಒಳಗೆಳೆದುಕೊಂಡ.

ಅಕ್ಕ ಅದನ್ನು ತಟ್ಟಿದಳು. "ಉಸಿರು ಬಿಡಪ್ಪ. ಉಸಿರಾಡೋರಿಗೇ ನಾನು ಅಂಗಿ ಹೊಲಿಯೋದು. ಎಲ್ಲಿ, ನಿಮ್ಮಮ್ಮ ಬಂದಿಲ್ವಾ?"

ಅವನ ತೋಳು ಹಾಗೇ ಚಾಚಿಕೊಂಡಿತ್ತು. "ಬಂದಿದ್ದಾಳೆ" ಅಂದ.

ಹೊರಡುವಾಗ ಮೇಲ್ವಿಚಾರಕಿಗೆ ಗತ್ತಿನಿಂದ ಹೇಳಿದ: "ಅಮ್ಮ ಕೆಳಗೇ ಇರ್ಲಿ. ಕೈಗೊಂದು ಅಳತೆ ಟೇಪು ಕೊಡಿ. ನಾನು ಮೊದಲಿಂದ್ಲೂ ಇದನ್ನೇ ಹೇಳ್ತಿದ್ದೆ."

"ಹೌದಪ್ಪ, ನಮ್ಗೇ ಕಿವಿ ಕೇಳಿಸ್ಲಿಲ್ಲ" ಅಂದೆ.

ಮೇಲ್ವಿಚಾರಕಿ ಗಲ್ಲ ಮೇಲೆತ್ತಿಕೊಂಡು ನಿಂತಿದ್ದಳು. ಅಕ್ಕ ಈಗ ಅವಳ ಹಿಂದೆ ಹೋಗಿದ್ದಳು.