ಹತ್ತರಲ್ಲಿ ಎರಡು ನಿಮಿಷ

ವೆಲ್ಡಿಂಗ್ ಮಿಷನ್ ತರುತ್ತೇನೆ ಎಂದು ಟೈಲರಮ್ಮ ಹೇಳಿದಾಗ ಮೊದಲು ನಕ್ಕಿದ್ದು ಅವಳ ಭಾವ. ನಗಲಿ ಬಿಡಿ, ನಗುವುದಕ್ಕೇನು ಕಾಸು ಕೊಡಬೇಕೇ? ಐವತ್ತೆರಡು ವರ್ಷದ ಹೆಂಗಸು, ಮೂವತ್ತು ವರ್ಷ ಹೊಲಿಗೆ ಮಿಷನ್ ತುಳಿದವಳು, ಈಗ ಕಬ್ಬಿಣ ಹೊಲಿಯುತ್ತೇನೆ ಅಂದರೆ ಯಾರಿಗಾದರೂ ನಗು ಬರುತ್ತದೆ. ಆದರೆ ಅವಳು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಎದುರಿನವರು ನಕ್ಕಷ್ಟೂ ಅವಳ ಹಠ ಹೆಚ್ಚುತ್ತಿತ್ತು.

ಆಸೆ ಮಾತ್ರ ಹಳೆಯದು. ಬೀದಿಯ ಕೊನೆಯಲ್ಲಿ ಗೇಟು ಮಾಡುವ ಶೆಡ್ ಒಂದಿತ್ತು. ಗುಂಡಿ ದಾರ ತರಲು ಹೊರಟಾಗಲೆಲ್ಲ ಅವಳು ಅದರ ಮುಂದೆ ನಿಂತುಬಿಡುತ್ತಿದ್ದಳು. ಎರಡು ಕಬ್ಬಿಣದ ತುಂಡು ಸೇರುವುದೂ ಒಂದು ಹೊಲಿಗೆಯೇ ತಾನೇ? ಬಟ್ಟೆ ನೇತುಹಾಕುವ ಸ್ಟ್ಯಾಂಡು, ಇಸ್ತ್ರಿ ಮೇಜಿನ ಕಾಲು, ಇಂಥವನ್ನೆಲ್ಲ ತಾನೇ ಮಾಡಿಕೊಳ್ಳಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದಳು. ಈ ಸಲ ಆಸೆಯ ಜೊತೆಗೆ ಕಾರಣವೂ ಬಂದಿತ್ತು.

ಕಾರಣ ಮನೆಯ ಮೆಟ್ಟಿಲು. ಕೆಳಗೆ ಟೈಲರಮ್ಮನ ಅಂಗಡಿ, ಅದರ ಹಿಂದೆ ಅವಳ ಕೋಣೆ. ಮೇಲೆ ಅಕ್ಕ ಮತ್ತು ಭಾವ. ನಡುವೆ ಹದಿನಾಲ್ಕು ಮೆಟ್ಟಿಲು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಏಳು ತಿಂಗಳ ಹಿಂದೆ ಅಕ್ಕ ಆ ಏನೂ ಇಲ್ಲದ ಕಡೆಗೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ದಿನಾ ಬೆಳಿಗ್ಗೆ ಮೇಲಿನ ಮೆಟ್ಟಿಲಿನವರೆಗೆ ಬಂದು, ಕೆಳಗೆ ನೋಡಿ, ಹಾಗೇ ಒಳಗೆ ಹೋಗುತ್ತಿದ್ದಳು. ಹಿಡಿದುಕೊಳ್ಳೋಕೆ ಏನಾದರೂ ಇದ್ದರೆ ಇಳಿಯುತ್ತೇನೆ ಅಂತ ಅವಳೇ ಹೇಳಿದ್ದಳು. ಮೆಟ್ಟಿಲಿಗೆ ಕೈಹಿಡಿಯುವ ಕಂಬಿ ಹಾಕುವವನು ಎರಡು ಸಲ ಬಂದು ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋದ. ಹೋದವನು ಹೋದ. ಸಣ್ಣ ಕೆಲಸ ಅಂದರೆ ಯಾರಿಗೂ ಬೇಡ.

ಭಾವನೂ ಕಾದು ಕಾದು ಸಾಕಾಗಿ ಊರಿನ ಇನ್ನೊಂದು ತುದಿಯಲ್ಲಿ, ನೆಲಮಟ್ಟದಲ್ಲಿ, ಒಂದು ಬಾಡಿಗೆ ಮನೆ ನೋಡಿದರು. ಒಂದನೇ ತಾರೀಕಿಗೆ ಹೋಗುವುದು ಅಂತಾಯಿತು. ಟೈಲರಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ, ಇರುವವಳು ಅಕ್ಕ ಒಬ್ಬಳೇ. ಅಕ್ಕ ಹೋದರೆ ಊಟ ಆಯ್ತಾ ಅಂತ ಬೈಯುವವರೂ ಆ ಮನೆಯಲ್ಲಿ ಉಳಿಯುವುದಿಲ್ಲ. ಕೈಯಲ್ಲಿದ್ದದ್ದು ಇಪ್ಪತ್ತಾರು ದಿನ.

ಮರುದಿನವೇ ವೆಲ್ಡಿಂಗ್ ಸಾಮಾನಿನ ಅಂಗಡಿಗೆ ಹೋದಳು. ಅಂಗಡಿಯವನು ಮೂರು ಮಿಷನ್ ಸಾಲಾಗಿ ಇಟ್ಟ. ಮೊದಲನೆಯದಕ್ಕೆ ಚಕ್ರವೂ ಇತ್ತು, ಅದರ ಬೆಲೆಗೆ ಎರಡು ಹೊಲಿಗೆ ಮಿಷನ್ ಬರುತ್ತಿತ್ತು. ಎರಡನೆಯದು ಮಧ್ಯಮ. ಮೂರನೆಯದು ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಮೂರೂ ಮನೆಯ ಕರೆಂಟಿಗೆ ನಡೆಯುತ್ತವೆ, ತೆಳುವಾದ ಪೈಪಿಗೆ ಬೇಕಾದ ಸಣ್ಣ ಬೆಸುಗೆ ರಾಡನ್ನು ಮೂರೂ ಸುಡುತ್ತವೆ, ಬೆನ್ನ ಮೇಲಿನ ಪಟ್ಟಿಯಲ್ಲಿ ಡ್ಯೂಟಿ ಎಷ್ಟಿದೆ ಅಂತ ಮಾತ್ರ ನೋಡಿಕೊಳ್ಳಿ ಎಂದ ಅವನು.

ಡ್ಯೂಟಿ ಅಂದರೇನು ಅಂತ ಟೈಲರಮ್ಮನಿಗೆ ಹೇಳಿಕೊಡಬೇಕೇ? ಹೊರದೇಶದ ಬಟ್ಟೆಯ ಥಾನು ತರಿಸಿದಾಗ ಬಿಲ್ಲಿನ ಕೆಳಗೆ ಅದೇ ಇರುತ್ತಿತ್ತು. ಸುಂಕ! ಪಟ್ಟಿಯನ್ನು ಕನ್ನಡಕ ಏರಿಸಿ ನೋಡಿದಳು. ದೊಡ್ಡದಕ್ಕೆ ಅರವತ್ತು, ಮಧ್ಯದ್ದಕ್ಕೆ ಮೂವತ್ತೈದು, ಸಣ್ಣದಕ್ಕೆ ಬರೀ ಇಪ್ಪತ್ತು.

"ಕಡಿಮೆ ಡ್ಯೂಟಿ ಇರೋದನ್ನೇ ಕೊಡಿ. ಸುಮ್ಮನೆ ಜಾಸ್ತಿ ಯಾಕೆ ಕಟ್ಟೋದು?" ಎಂದಳು.

ಅಂಗಡಿಯವನಿಗೆ ಅರ್ಥವಾಗಲಿಲ್ಲ. ಆದರೆ ಇಷ್ಟು ಗಟ್ಟಿಯಾಗಿ ಕೇಳುವವಳಿಗೆ ಎಲ್ಲ ಗೊತ್ತೇ ಇರಬೇಕು ಅಂದುಕೊಂಡು ಕಟ್ಟಿಕೊಟ್ಟ. ಮುಖಕ್ಕೆ ಕಪ್ಪು ಗಾಜಿನ ಹೆಲ್ಮೆಟ್, ಚರ್ಮದ ಕೈಗವಸು, ಒಂದು ಕಟ್ಟು ರಾಡು, ಬೆಸುಗೆಯ ಮೇಲೆ ಕಟ್ಟುವ ಕಿಟ್ಟ ಉದುರಿಸಲು ಚೂಪು ಸುತ್ತಿಗೆ ಎಲ್ಲ ಸೇರಿಸಿ ತಂದಳು.

ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಬಕೆಟ್ಟಿನಲ್ಲಿ ನೀರು ಇಟ್ಟುಕೊಂಡು ಕುಳಿತಳು. ಮೊದಲ ದಿನ ರಾಡು ಪೈಪಿಗೆ ಅಂಟಿಕೊಂಡಿತು. ಎರಡನೆಯ ದಿನ ಪೈಪೇ ತೂತು. ನಾಲ್ಕನೆಯ ದಿನ ಒಂದು ಗೆರೆ ಬಂತು ನೋಡಿ, ಸೊಟ್ಟಗಿದ್ದರೂ ಗೆರೆ. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಮಿಷನ್ ಉಸಿರು ನಿಲ್ಲಿಸಿತು. ಹಳದಿ ದೀಪ. ಸುಮಾರು ಎಂಟು ನಿಮಿಷ ಬಿಟ್ಟು ತಾನೇ ಎದ್ದಿತು, ಎರಡು ನಿಮಿಷ ದುಡಿದು ಮತ್ತೆ ಮಲಗಿತು. ಕೆಟ್ಟ ಮಾಲು ಕೊಟ್ಟು ಟೋಪಿ ಹಾಕಿದ ಅಂತ ಬೈದುಕೊಳ್ಳುತ್ತ ಅದನ್ನು ಎತ್ತಿಕೊಂಡು ಅಂಗಡಿಗೆ ನಡೆದಳು.

ಅವಳ ದೂರನ್ನು ಪೂರ್ತಿ ಕೇಳಿಸಿಕೊಂಡ ಅಂಗಡಿಯವನು, ಅವತ್ತು ಅವಳು ಕಟ್ಟೋದು ಅಂದಿದ್ದು ಏನೆಂದು ಈಗ ಹೊಳೆದು, ತುಟಿ ಬಿಗಿಹಿಡಿದು ನಗು ನುಂಗಿದ. "ಡ್ಯೂಟಿ ಅಂದ್ರೆ ಸುಂಕ ಅಲ್ಲಮ್ಮಾ, ದುಡಿಮೆ. ಇಪ್ಪತ್ತು ಅಂದ್ರೆ ಹತ್ತು ನಿಮಿಷದಲ್ಲಿ ಎರಡು ನಿಮಿಷ ದುಡಿಯುತ್ತೆ, ಎಂಟು ನಿಮಿಷ ಸುಧಾರಿಸಿಕೊಳ್ಳುತ್ತೆ."

ಟೈಲರಮ್ಮನ ಕಿವಿ ಕೆಂಪಾಯಿತು. ಮೇಲೆ ಸ್ವಲ್ಪ ಸೇರಿಸಿದರೆ ಮಧ್ಯದ ಮಿಷನ್ ಬದಲಾಯಿಸಿ ಕೊಡುತ್ತೇನೆ ಅಂತಲೂ ಅವನು ಹೇಳಿದ. ಸೇರಿಸಬೇಕಾದದ್ದು ಅವಳು ಪೈಪಿಗೆಂದು ಇಟ್ಟುಕೊಂಡ ಹಣ. ಅಲ್ಲೇ ಸ್ಟೂಲಿನ ಮೇಲೆ ಕುಳಿತು ಲೆಕ್ಕ ಹಾಕಿದಳು. ಕಂಬಿ ನಿಲ್ಲಿಸಲು ಏಳು ಕಂಬ. ಬುಡಕ್ಕೊಂದು, ತುದಿಗೊಂದು, ಹದಿನಾಲ್ಕು ಬೆಸುಗೆ. ಒಂದು ಬೆಸುಗೆಗೆ ಎರಡು ಸಲ ಸುಡಬೇಕು. ಗೇಟು ಮಾಡಿ ಮಾರುವವನಿಗೆ ಎಂಟು ನಿಮಿಷ ಕಾಯುವುದು ನಷ್ಟ. ಅವಳೇನು ಗೇಟು ಮಾರುತ್ತಾಳೆಯೇ?

"ಬೇಡ, ಇದೇ ಇರಲಿ," ಎಂದು ಎದ್ದಳು. "ಆ ಎಂಟು ನಿಮಿಷಕ್ಕೆ ನನ್ನ ಹತ್ರ ಬೇರೆ ಕೆಲಸ ಇದೆ."

ಬೇರೆ ಕೆಲಸ ಅಂದರೆ ಗುಂಡಿ, ಕಾಜಾ. ಮೆಟ್ಟಿಲಿಗೆ ಕಬ್ಬಿಣದ ತಟ್ಟೆ ಕೂರಿಸಿ ಬೋಲ್ಟು ಬಿಗಿದುಕೊಟ್ಟವನು ಪಕ್ಕದ ಮನೆಯ ಬಡಗಿ. ಮುಂದಿನದೆಲ್ಲ ಅವಳದೇ. ಎರಡು ನಿಮಿಷ ಸುಡುವುದು, ದೀಪ ಹಳದಿಯಾದರೆ ಕೈಗವಸು ಕಳಚಿ ತನ್ನ ಅಂಗಡಿಗೆ ಹೋಗಿ ಒಂದು ಅಂಗಿಗೆ ಗುಂಡಿ ಹಚ್ಚುವುದು, ಮತ್ತೆ ಬರುವುದು. ಸರ್ಕಾರಿ ಗುಮಾಸ್ತರಾಗಿ ನಿವೃತ್ತಿಯಾಗಿದ್ದ ಭಾವ ಮೇಲಿನಿಂದ ನೋಡಿ, ಇದೆಂಥ ಸೋಮಾರಿ ಮಿಷನ್ನು ಅಂತ ಹಂಗಿಸಿದರು. ನಿಮ್ಮ ಆಫೀಸಿನಲ್ಲಿ ಹತ್ತರಲ್ಲಿ ಎರಡು ನಿಮಿಷ ಯಾವತ್ತು ದುಡಿದಿದ್ದಿರಿ ಅಂತ ಒಳಗಿನಿಂದ ಅಕ್ಕ ಕೇಳಿದಳು. ಏಳು ತಿಂಗಳಲ್ಲಿ ಅವಳು ತಮಾಷೆ ಮಾಡಿದ್ದು ಅದೇ ಮೊದಲು. ಕೆಳಗೆ ಟೈಲರಮ್ಮ ಹೆಲ್ಮೆಟ್ಟಿನೊಳಗೇ ನಕ್ಕಳು.

ಒಂದನೇ ತಾರೀಕಿಗೆ ಎರಡು ದಿನ ಇದ್ದಾಗ ಕಂಬಿ ಪೂರ್ತಿಯಾಗಿ, ಕಪ್ಪು ಬಣ್ಣ ಹಚ್ಚಿಸಿಕೊಂಡು ನಿಂತಿತು. ಬೆಳಿಗ್ಗೆ ಅಕ್ಕ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು ಮೇಲಿನ ಮೆಟ್ಟಿಲಿಗೆ ಬಂದಳು. ಭಾವ ಅವಳ ಹಿಂದೆ. ಅವಳ ಕೈ ಕಂಬಿಗೆ ತಾಗಿತು.

ಏಳರಲ್ಲಿ, ಕೆಳಗಿನಿಂದ ಐದನೆಯ ಕಂಬದ ಬುಡದ ಸಮಾಚಾರ ಟೈಲರಮ್ಮ ಒಬ್ಬಳಿಗೇ ಗೊತ್ತು. ಅದನ್ನು ಸುಡುವ ದಿನ ಭಾವ ಸಾಮಾನು ತುಂಬಲು ಪೆಟ್ಟಿಗೆಗಳನ್ನು ತಂದಿದ್ದರು. ಅವನ್ನು ಕಂಡು ಅವಳು ಅವಸರ ಮಾಡಿದಳು. ಮೊದಲ ಸುತ್ತಿನ ಕಿಟ್ಟ ಉದುರಿಸದೆ ಅದರ ಮೇಲೆಯೇ ಸುಟ್ಟು, ಉಜ್ಜಿ ನುಣುಪು ಮಾಡಿ, ಬಣ್ಣ ಬಳಿದಿದ್ದಳು. ಹದಿನಾಲ್ಕರಲ್ಲೂ ಅದೇ ನೋಡಲು ಚೆಂದ. ಮೇಲೆ ಥಳಕು, ಒಳಗೆ ಹುಳುಕು. ಹೇಳಿದರೆ ಭಾವ ಇದೇ ಸಾಕು ಅಂತ ಹೊರಟೇಬಿಡುತ್ತಾರೆ. ಹೇಳದಿದ್ದರೆ ಅಕ್ಕ ಇಲ್ಲೇ ಉಳಿಯುತ್ತಾಳೆ, ಆ ಕಂಬ ನಿಂತಿರುವ ತನಕ.

"ನಿಲ್ಲು ಅಕ್ಕ," ಎಂದಳು. "ಐದನೇ ಕಂಬ ಕಳ್ಳ ಹೊಲಿಗೆ. ಬಿಚ್ಚಬೇಕು."

ಯಾರ ಉತ್ತರಕ್ಕೂ ಕಾಯದೆ ಪೈಪು ಕೊಯ್ಯಲು ಬಡಗಿಯಿಂದ ತಂದಿಟ್ಟುಕೊಂಡಿದ್ದ ಕಟ್ಟಿಂಗ್ ಮಿಷನ್ ಹಿಡಿದು ಬಂದು ಬುಡವನ್ನು ಕತ್ತರಿಸಿದಳು. ಒಳಗೆ ಕಂದು ಬಣ್ಣದ ಕಿಟ್ಟ ತುಂಬಿತ್ತು. ಭಾವ ಎರಡು ಮೆಟ್ಟಿಲು ಇಳಿದು ಬಂದು ನೋಡಿದರು.

"ಅವತ್ತು ಇವಳನ್ನ ಎತ್ತಿಕೊಂಡು ಓಡಿದವನು ನಾನು. ಇನ್ನೊಂದು ಸಲ ನನ್ನ ಕೈಲಾಗಲ್ಲ ಕಣಮ್ಮ. ಹೋಗಿಬಿಡ್ತೀವಿ."

"ಹೋಗೋದಾದ್ರೆ ಹೋಗಿ ಭಾವ. ಇದನ್ನ ಸರಿಮಾಡಿದ ಮೇಲೆ ಹೋಗಿ," ಎಂದಳು ಟೈಲರಮ್ಮ. ಅಳು ಬರುತ್ತಿತ್ತು, ಹೆಲ್ಮೆಟ್ಟನ್ನು ಮುಖದ ಮೇಲೆ ಇಳಿಸಿಕೊಂಡಳು.

ಬಣ್ಣ ಉಜ್ಜಿ, ಬರಿ ಕಬ್ಬಿಣ ಕಾಣುವ ಹಾಗೆ ಮಾಡಿ ಸುಟ್ಟಳು. ಅರ್ಧಕ್ಕೆ ಹಳದಿ ದೀಪ ಬಂತು. ಈ ಸಲ ಅವಳು ಗುಂಡಿ ಹಚ್ಚಲು ಹೋಗಲಿಲ್ಲ. ಸುತ್ತಿಗೆಯಿಂದ ಕಿಟ್ಟವನ್ನು ಚೂರೂ ಬಿಡದೆ ಉದುರಿಸಿ, ಬ್ರಷ್ಷಿನಿಂದ ತಿಕ್ಕಿ, ಮೆಟ್ಟಿಲ ಮೇಲೆಯೇ ಕುಳಿತಳು. ಮೇಲೆ ಅಕ್ಕನೂ ಕುಳಿತಳು.

ಎಂಟು ನಿಮಿಷಕ್ಕೆ ದೀಪ ಹಸಿರಾಯಿತು. ಉಳಿದರ್ಧ ಸುಟ್ಟು, ಆರಲು ಬಿಟ್ಟು, ಕಂಬಕ್ಕೆ ಸುತ್ತಿಗೆಯಿಂದ ಬಡಿದಳು. ಗಟ್ಟಿಯಾಗಿ ನಿಂತಿತು. ಬೇಕಿದ್ದರೆ ನೀವೂ ಬಡಿಯಿರಿ ಅಂತ ಭಾವನಿಗೆ ಸುತ್ತಿಗೆ ಕೊಟ್ಟಳು. ಅವರು ಹದಿನಾಲ್ಕಕ್ಕೂ ಬಡಿದರು, ಒಂದೊಂದಕ್ಕೂ ಸಿಟ್ಟಿನಿಂದ ಬಡಿದರು. ಒಂದೂ ಅಲುಗಲಿಲ್ಲ.

ಅಕ್ಕ ಎದ್ದು ನಿಂತಳು. ಯಾರ ಕೈಯೂ ಹಿಡಿಯದೆ ಒಂದು ಕಾಲು ಇಳಿಸಿದಳು, ಇನ್ನೊಂದನ್ನು ಜೊತೆಗೆ ತಂದಳು. ಮತ್ತೊಂದು. ಐದನೆಯ ಕಂಬದ ಹತ್ತಿರ ಬಂದು ಸುಧಾರಿಸಿಕೊಳ್ಳಲು ನಿಂತಳು.

"ನೀನು ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಅಲ್ವೇನೇ?" ಎಂದಳು.

"ಗೊತ್ತಾಗ್ತಿತ್ತು," ಎಂದಳು ಟೈಲರಮ್ಮ. "ನೀನು ಬಿದ್ದ ಮೇಲೆ."

ಅಕ್ಕ ಆ ಕಂಬದ ಮೇಲೆ ಮೈಭಾರ ಪೂರ್ತಿ ಹಾಕಿ ಒಮ್ಮೆ ಒರಗಿದಳು. ಆಮೇಲೆ ಉಳಿದ ಮೆಟ್ಟಿಲನ್ನೂ ಇಳಿದಳು. ಭಾವ ಮೇಲೆ ಹೋಗಿ, ಕಟ್ಟಿಟ್ಟಿದ್ದ ಪೆಟ್ಟಿಗೆಗಳ ಹಗ್ಗವನ್ನು ಒಂದೊಂದಾಗಿ ಬಿಚ್ಚತೊಡಗಿದರು.